ಸಿಕಲ್ ಸೆಲ್ ಮತ್ತು ಗರ್ಭಧಾರಣೆ: ಮೊದಲೇ ತಿಳಿದಿರಲಿ

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಈ ಆನುವಂಶಿಕ ಕಾಯಿಲೆ ನಮ್ಮ ಕಡೆಯದಲ್ಲ ಎನ್ನಬೇಡಿ. ಮೈಸೂರು, ಚಾಮರಾಜನಗರದ ಬುಡಕಟ್ಟುಗಳಲ್ಲೂ ಇದೆ. ಟೆಕ್ಸಾಸ್‌ನಲ್ಲಿ ನವಜಾತ ಶಿಶುಗಳಿಗೆ ಇದರ ಪರೀಕ್ಷೆಯಾಗುತ್ತದೆ. ಊರಿನಲ್ಲಿ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರಿಗೆ ಆಗಿಲ್ಲ.

ಕಾಯಿಲೆಯಿರುವ ಗರ್ಭಿಣಿಗೆ ತೀವ್ರ ನೋವು, ರಕ್ತಹೀನತೆ, ಅಧಿಕ ಬಿಪಿ, ರಕ್ತ ಹೆಪ್ಪುಗಟ್ಟುವಿಕೆ, ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚು. ಆದರೂ ಮೊದಲಿನಿಂದಲೇ ರಕ್ತರೋಗ ತಜ್ಞರು, ಪ್ರಸೂತಿ ತಜ್ಞರು ಇಬ್ಬರೂ ನೋಡಿಕೊಂಡರೆ ಹೆಚ್ಚಿನ ತಾಯಂದಿರು ಆರೋಗ್ಯವಂತ ಮಗುವನ್ನು ಪಡೆಯುತ್ತಾರೆ.

• ಗರ್ಭ ಧರಿಸುವ ಮುನ್ನ ಗಂಡ-ಹೆಂಡತಿ ಇಬ್ಬರೂ ಹಿಮೋಗ್ಲೋಬಿನ್ ಎಲೆಕ್ಟ್ರೋಫೋರೆಸಿಸ್ ಎಂಬ ರಕ್ತಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಂಭವ 4ರಲ್ಲಿ 1.
• ಹೈಡ್ರಾಕ್ಸಿಯೂರಿಯಾ ಸೇವಿಸುವವರು ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕೇಳಿ, ತಾವಾಗಿ ನಿಲ್ಲಿಸಬೇಡಿ.
• ಗರ್ಭಿಣಿಗೆ ಜ್ವರ, ತೀವ್ರ ತಲೆನೋವು ಬಂದರೆ ಕೂಡಲೇ ಆಸ್ಪತ್ರೆಗೆ; ಎದೆನೋವು, ಉಸಿರಾಟದ ತೊಂದರೆಗೆ 911.