ಚತುರ್ಮುಖ ಬಸದಿಯ ಗುಟ್ಟು ಬಿಚ್ಚಿದ ಶಾಸನ

ಕಾರ್ಕಳದ ಗೊಮ್ಮಟ ಬೆಟ್ಟದ ಬಳಿ, ಬಂಡೆಯ ದಿಣ್ಣೆಯ ಮೇಲೆ, ಯಾವ ದಿಕ್ಕಿನಿಂದ ನೋಡಿದರೂ ಒಂದೇ ಬಗೆಯಾಗಿ ಕಾಣುವ ಕಲ್ಲಿನ ಬಸದಿಯೊಂದಿದೆ. ಅದಕ್ಕೆ ಶಿಖರವಿಲ್ಲ. ನಾಲ್ಕೂ ಕಡೆ ಮುಖಮಂಟಪ, ನಾಲ್ಕೂ ಕಡೆ ಎತ್ತರದ ಬಾಗಿಲು, ಒಟ್ಟು 108 ಕಂಬ. ಊರವರಿಗೆ ಇದು ಚತುರ್ಮುಖ ಬಸದಿ.

ತುಳುನಾಡಿನ ಇಂಥ ಜೈನ ಕಟ್ಟಡಗಳನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬುದು 19ನೇ ಶತಮಾನದ ವಿದ್ವಾಂಸರಿಗೆ ಬಿಡಿಸಲಾಗದ ಒಗಟಾಗಿತ್ತು. 1876ರಲ್ಲಿ ಭಾರತೀಯ ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗ್ಯುಸನ್ ಇವುಗಳನ್ನು ದ್ರಾವಿಡ ಶೈಲಿಗೂ ಸೇರಿಸಲಿಲ್ಲ, ಉತ್ತರದ ಶೈಲಿಗೂ ಸೇರಿಸಲಿಲ್ಲ. ಮೂಡುಬಿದಿರೆಯ ಇಳಿಜಾರು ಮಾಡುಗಳನ್ನೂ ಮರದ ದಿಮ್ಮಿಯಂಥ ಕಂಬಗಳನ್ನೂ ಕಂಡು ಅವರು ಹೋಲಿಕೆ ಹುಡುಕಿದ್ದು ನೇಪಾಳದಲ್ಲಿ.

ಅಷ್ಟು ದೂರ ಹೋಗಬೇಕಿರಲಿಲ್ಲ. ಘಟ್ಟದ ಬುಡದ ಈ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಗುತ್ತಿನ ಮನೆಯಿರಲಿ, ದೇವಸ್ಥಾನವಿರಲಿ, ನೀರು ನಿಲ್ಲದಂತೆ ಮಾಡು ಇಳಿಬಿಡುವುದು ಇಲ್ಲಿಯ ಬಡಗಿಗಳು ತಲೆಮಾರುಗಳಿಂದ ಬಲ್ಲ ಕಸುಬು. ಅದನ್ನೇ ಶಿಲ್ಪಿಗಳು ಕಲ್ಲಿಗೆ ಇಳಿಸಿದರು.

ಆದರೆ ಚತುರ್ಮುಖ ಬಸದಿಯನ್ನು ಕಟ್ಟಿಸಿದವರು ಯಾರು, ಯಾವಾಗ, ನಾಲ್ಕು ಬಾಗಿಲು ಏಕೆ ಎಂಬುದನ್ನು ಮಳೆ ಹೇಳಲಾರದು. ಆ ಉತ್ತರ ಬಸದಿಯ ಶಾಸನದಲ್ಲೇ ಇತ್ತು. ಆದರೆ ಕಾರ್ಕಳದ ಬಗ್ಗೆ ವಿದ್ವತ್ ಪತ್ರಿಕೆಗಳಲ್ಲಿ ಮೊದಲು ಚರ್ಚೆಗೆ ಬಂದದ್ದು ಬೆಟ್ಟದ ಗೊಮ್ಮಟ. ಎ. ಸಿ. ಬರ್ನೆಲ್ ಅದರ ಕುರಿತು ಬರೆದರು. ಆಮೇಲೆ ಶಾಸನತಜ್ಞ ಹುಲ್ಟ್ಷ್ ಗೊಮ್ಮಟನ ಶಾಸನವನ್ನು ಸಂಪಾದಿಸಿದಾಗ, 1432ರಲ್ಲಿ ಕಾರ್ಕಳದ ಅರಸ ವೀರಪಾಂಡ್ಯ ಆ ಮೂರ್ತಿಯನ್ನು ನಿಲ್ಲಿಸಿದ್ದು ಖಚಿತವಾಯಿತು. ಅದರ ಬೆನ್ನಿಗೇ, 20ನೇ ಶತಮಾನದ ಮೊದಲ ದಶಕದಲ್ಲಿ, ಎಚ್. ಕೃಷ್ಣಶಾಸ್ತ್ರಿಗಳು ಬಸದಿಯ ಶಾಸನವನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಎಂಟನೇ ಸಂಪುಟದಲ್ಲಿ ಪ್ರಕಟಿಸಿದರು.

ಶಾಸನ ಓದುವುದು ತಾಳ್ಮೆಯ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯಬೇಕು. ಆಮೇಲೆ ಅಕ್ಷರ ಅಕ್ಷರವನ್ನೂ ಕೂಡಿಸಿಕೊಂಡು ಹೋಗಬೇಕು. ಹಾಗೆ ಓದಿದಾಗ ಸಿಕ್ಕ ಕಾಲ ಶಕ 1508, ವ್ಯಯ ಸಂವತ್ಸರ, ಅಂದರೆ ಕ್ರಿ.ಶ. 1586. ಕಟ್ಟಿಸಿದವನು ಇಮ್ಮಡಿ ಭೈರರಸ ಒಡೆಯ, ಗುರು ಲಲಿತಕೀರ್ತಿ ಮುನಿ. ಭೈರರಸ ಹಿಂದಿನ ಅರಸನ ತಂಗಿ ಗುಮ್ಮಟಾಂಬೆಯ ಮಗನೆಂದೂ ಶಾಸನ ತಿಳಿಸುತ್ತದೆ. ಅಳಿಯಸಂತಾನದ ನಾಡಿನಲ್ಲಿ ಪಟ್ಟದ ಹಕ್ಕು ತಾಯಿಯ ಕಡೆಯಿಂದ ಬಂದದ್ದಕ್ಕೆ ಇಲ್ಲಿ ಕಲ್ಲಿನ ಸಾಕ್ಷಿಯಿದೆ.

ನನ್ನನ್ನು ಹೆಚ್ಚು ಸೆಳೆದದ್ದು ಕಟ್ಟಡದ ನಕ್ಷೆಯನ್ನು ಶಾಸನವೇ ವಿವರಿಸುವ ರೀತಿ. ಬಸದಿಯನ್ನು ಅದು ತ್ರಿಭುವನತಿಲಕ ಜಿನಚೈತ್ಯಾಲಯವೆಂದು ಕರೆದು, ಸರ್ವತೋಭದ್ರ, ಚತುರ್ಮುಖ, ರತ್ನತ್ರಯರೂಪ ಎಂದು ಬಣ್ಣಿಸುತ್ತದೆ. ಒಳಗೆ ಹೋಗಿ ನೋಡಿದರೆ ಆ ಮಾತು ಕಣ್ಣೆದುರೇ ನಿಂತಿದೆ: ಯಾವ ಬಾಗಿಲಿನಿಂದ ಹೋದರೂ ಅರ, ಮಲ್ಲಿ, ಮುನಿಸುವ್ರತ ಈ ಮೂವರು ತೀರ್ಥಂಕರರ ದರ್ಶನ. ನಾಲ್ಕು ಕಡೆ ಮೂರು ಮೂರರಂತೆ ಹನ್ನೆರಡು ಮೂರ್ತಿಗಳು. ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ ಎಂಬ ಮೂರು ರತ್ನಗಳು ನಾಲ್ಕು ದಿಕ್ಕಿನವರಿಗೂ ಸಮಾನವಾಗಿ ಸಿಗಲಿ ಎಂಬ ಭಾವ ಈ ನಕ್ಷೆಯಲ್ಲಿ ನನಗೆ ಕಾಣುತ್ತದೆ. ಇಲ್ಲಿ ಹಿಂಬಾಗಿಲು ಎಂಬುದೇ ಇಲ್ಲ.

ಪೂಜೆ ನಡೆಸುವ ಸ್ಥಾನಿಕರ ಮನೆತನಗಳು, ಖರ್ಚಿಗೆಂದು ಬಿಟ್ಟುಕೊಟ್ಟ ತೆಳಾರು ಗ್ರಾಮದ ಉತ್ಪತ್ತಿ, ಇವೂ ಅದೇ ಶಾಸನದಲ್ಲಿವೆ. ಬಸದಿ ಕಟ್ಟಿದರೆ ಸಾಲದು, ಅದು ನಡೆಯಬೇಕು ಎಂಬ ಎಚ್ಚರ ಅರಸನಿಗಿತ್ತು.

ರೂಪವನ್ನಷ್ಟೇ ನೋಡಿದ ವಿದ್ವಾಂಸರು ಹಿಮಾಲಯದತ್ತ ತಿರುಗಿದರು. ಶಾಸನ ಓದಿದವರು ತೆಳಾರಿನ ಗದ್ದೆಗೆ ಬಂದು ಮುಟ್ಟಿದರು. ಆದ್ದರಿಂದ ನಮ್ಮ ಊರಿನ ತೋಟದಲ್ಲೋ ಕೆರೆಯ ದಂಡೆಯಲ್ಲೋ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಕಿತ್ತು ಪಾಯಕ್ಕೆ ಹಾಕಬಾರದು, ಬಣ್ಣ ಬಳಿಯಬಾರದು. ಇದ್ದಲ್ಲೇ ಬಿಟ್ಟು, ಓದಬಲ್ಲವರಿಗೆ ತಿಳಿಸಬೇಕು. ಕರಾವಳಿಯ ಚರಿತ್ರೆಯ ಬಹುಪಾಲು ನಮಗೆ ಸಿಕ್ಕಿರುವುದು ಇಂಥ ಕಲ್ಲುಗಳಿಂದಲೇ.