ಡಿಗ್ರಿಯ ಲೆಕ್ಕ ಹೇಳಿಕೊಡುವವರು ಯಾರು?

ಹೂಗ್ಯಂ ಹನೂರು ತಾಲ್ಲೂಕಿನ ಕಾಡಂಚಿನ ಊರು. ತಮಿಳುನಾಡಿನ ಗಡಿ ಹತ್ತಿರ, ಡಿಗ್ರಿ ಕಾಲೇಜು ದೂರ. ಪಿಯುಸಿ ಮುಗಿಸಿದ ಮಕ್ಕಳು ಹನೂರಿಗೋ ಕೊಳ್ಳೇಗಾಲಕ್ಕೋ ಬಸ್ಸು ಹತ್ತಬೇಕು. ಇಂಥ ಊರುಗಳಿಂದ ಕಾಲೇಜಿಗೆ ಹೋಗುವವರಲ್ಲಿ ತಮ್ಮ ಮನೆಯಲ್ಲಿ ಡಿಗ್ರಿಯ ಮುಖ ನೋಡುವ ಮೊದಲಿಗರೇ ಹೆಚ್ಚು. ಫೀಸು ಎಷ್ಟು, ಬಸ್ಸು ಎಷ್ಟು ಹೊತ್ತಿಗೆ ಎಂಬುದು ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ. ಸೆಮಿಸ್ಟರು, ಇಂಟರ್ನಲ್ಲು, ಬ್ಯಾಕ್‌ಲಾಗು ಎಂದರೆ ಏನೆಂದು ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಹೀಗೆ ಹೋದವರು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟರೆ ‘ಓದು ತಲೆಗೆ ಹತ್ತಲಿಲ್ಲ’ ಎಂದು ಊರು ಸುಲಭವಾಗಿ ಷರಾ ಬರೆದುಬಿಡುತ್ತದೆ. ಆ ಷರಾವನ್ನು ಒಪ್ಪುವ ಮೊದಲು ಡಿಗ್ರಿ ಎಲ್ಲೆಲ್ಲಿ ಕೈತಪ್ಪುತ್ತದೆ ಎಂದು ನೋಡಬೇಕು. ನೋಡಿದರೆ ಬುದ್ಧಿಯ ಕೊರತೆಗಿಂತ ಲೆಕ್ಕ ಗೊತ್ತಿಲ್ಲದ್ದೇ ಎದ್ದು ಕಾಣುತ್ತದೆ. ಆ ಲೆಕ್ಕವನ್ನು ಹೊತ್ತಿಗೆ ಸರಿಯಾಗಿ ಹೇಳಿಕೊಡುವ ಒಬ್ಬ ಮನುಷ್ಯ ಕಾಲೇಜಿನಲ್ಲಿ ಇರಬೇಕು ಎಂಬುದು ಈ ಲೇಖನದ ವಾದ.

ಹಾಜರಾತಿಯನ್ನೇ ತೆಗೆದುಕೊಳ್ಳಿ. ಪರೀಕ್ಷೆಗೆ ಕೂರಲು ಶೇ 75 ಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಅದರ ಅರ್ಥ ಗೊತ್ತಿರುವವರು ಕಡಿಮೆ. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕು ತರಗತಿ, ಸೆಮಿಸ್ಟರಿಗೆ ಹದಿನಾರು ವಾರ ಎಂದು ಇಟ್ಟುಕೊಂಡರೆ ಒಟ್ಟು 64 ತರಗತಿ. ಅದರಲ್ಲಿ ತಪ್ಪಿಸಿಕೊಳ್ಳಬಹುದಾದದ್ದು 16. ಅಂದರೆ ವಾರಕ್ಕೆ ಒಂದೇ ಒಂದು. ಬೆಳಗಿನ ಬಸ್ಸು ತಡವಾಗಿ ವಾರಕ್ಕೊಂದು ಮೊದಲ ಪೀರಿಯಡ್ ಹೋದರೆ ಆ ವಿಷಯದ ರಜೆಯೆಲ್ಲ ಅಲ್ಲಿಗೇ ಮುಗಿಯಿತು. ಆಮೇಲೆ ಜ್ವರ ಬರುವಂತಿಲ್ಲ, ಮನೆಯಲ್ಲಿ ರಾಗಿ ಕುಯ್ಲಿಗೋ ಜೋಳ ಮುರಿಯುವುದಕ್ಕೋ ಕರೆಯುವಂತಿಲ್ಲ, ಮಾದಪ್ಪನ ಬೆಟ್ಟದ ದೀಪಾವಳಿ ಜಾತ್ರೆಗೆ ಎರಡು ದಿನ ಹೋಗುವಂತಿಲ್ಲ. ಇದನ್ನು ಸೆಮಿಸ್ಟರಿನ ಮೊದಲ ವಾರವೇ ಯಾರಾದರೂ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಹುಡುಗ ಜಾತ್ರೆಯ ಎರಡು ದಿನ ಉಳಿಸಿಕೊಂಡು ಉಳಿದ ದಿನ ಒಂದು ಬಸ್ಸು ಮೊದಲೇ ಹೊರಡುತ್ತಾನೆ. ಹಾಜರಾತಿ ಕಡಿಮೆ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ವಿಷಯಗಳ ಆಯ್ಕೆ ಇದಕ್ಕಿಂತ ಸೂಕ್ಷ್ಮ. ಬಿ.ಎ.ಗೆ ಸೇರುವಾಗ ಕಾಂಬಿನೇಷನ್ ತೀರ್ಮಾನವಾಗುವುದು ಅರ್ಜಿ ತುಂಬುವ ಹತ್ತು ನಿಮಿಷದಲ್ಲಿ. ಗೆಳತಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತೆಗೆದುಕೊಂಡಳು, ನಾನೂ ಅದನ್ನೇ ತೆಗೆದುಕೊಂಡೆ ಎಂಬಷ್ಟು ಹಗುರವಾಗಿ. ಮೇಷ್ಟರಾಗುವ ಆಸೆ ಇರುವವರು ಮೂರು ವರ್ಷದ ನಂತರ ಬಿ.ಇಡಿ. ಬಾಗಿಲಲ್ಲಿ ನಿಂತಾಗ ಅದರ ತೂಕ ತಿಳಿಯುತ್ತದೆ. ಅಲ್ಲಿ ಪದವಿಯ ಅಂಕ ಸಾಮಾನ್ಯವಾಗಿ ಶೇ 50 ಇರಬೇಕು (ಕೆಲವು ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು), ಡಿಗ್ರಿಯಲ್ಲಿ ಓದಿದ ವಿಷಯಗಳು ಶಾಲೆಯಲ್ಲಿ ಪಾಠ ಮಾಡುವ ವಿಷಯಗಳಿಗೆ ಹೊಂದಬೇಕು. ‘ಪಾಸಾದರೆ ಸಾಕು’ ಎಂದುಕೊಂಡು ಶೇ 46ಕ್ಕೆ ಡಿಗ್ರಿ ಮುಗಿಸಿದ ಸಾಮಾನ್ಯ ವರ್ಗದ ವಿದ್ಯಾರ್ಥಿಗೆ ಆ ಡಿಗ್ರಿಯ ಬಲದ ಮೇಲೆ ಆ ದಾರಿ ಮುಚ್ಚಿದಂತೆಯೇ. ಬ್ಯಾಕ್‌ಲಾಗಿನದೂ ಇದೇ ಕತೆ. ಬೆಸ ಸೆಮಿಸ್ಟರಿನ ಪೇಪರನ್ನು ಮತ್ತೆ ಬೆಸ ಸೆಮಿಸ್ಟರಿನ ಪರೀಕ್ಷೆ ಬಂದಾಗಲೇ ಬರೆಯಬೇಕಾಗುವುದು ಸಾಮಾನ್ಯ ರೂಢಿ. ಐದನೇ ಸೆಮಿಸ್ಟರಿನಲ್ಲಿ ಒಂದು ಪೇಪರ್ ಉಳಿಸಿಕೊಂಡವಳು ಆರನೆಯದನ್ನು ಚೆನ್ನಾಗಿಯೇ ಮುಗಿಸಿದರೂ ಆ ಒಂದು ಪೇಪರಿಗಾಗಿ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಎಂ.ಎ., ಬಿ.ಇಡಿ. ಪ್ರವೇಶಗಳು ಮುಗಿದಿರುತ್ತವೆ. ಹಳ್ಳಿಯ ಮನೆಯಲ್ಲಿ ಹೆಣ್ಣುಮಗಳು ಒಂದು ವರ್ಷ ಸುಮ್ಮನೆ ಕೂತರೆ ಮುಂದಿನ ಮಾತು ಮದುವೆಯದ್ದೇ.

ಈ ಲೆಕ್ಕವೂ ಇತ್ತೀಚೆಗೆ ಒಂದೇ ತೆರನಾಗಿ ನಿಂತಿಲ್ಲ. 2021-22ರಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಗಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ತಂದಿತು. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇದರ ನಡುವೆ 2023ರಲ್ಲಿ ಜಿಲ್ಲೆಗೆ ಚಾಮರಾಜನಗರ ವಿಶ್ವವಿದ್ಯಾಲಯ ಬಂತು. ಅಲ್ಲಿಯತನಕ ಇಲ್ಲಿನ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯದವು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನೇ ಮುಚ್ಚುವ ಮಾತೂ ಎದ್ದಿತು. ನೀತಿಗಳ ಒಳಿತು ಕೆಡುಕು ಬೇರೆ ಚರ್ಚೆ. ವಿದ್ಯಾರ್ಥಿಯ ಪಾಲಿಗೆ ಆದದ್ದು ಇಷ್ಟು: ಹಿಂದಿನ ವರ್ಷ ಓದಿದ ಅಕ್ಕ ಕೊಟ್ಟ ಸಲಹೆ ಈ ವರ್ಷದ ತಮ್ಮನಿಗೆ ಹೊಂದುವುದಿಲ್ಲ, ಹಳೆಯ ಸಿಲಬಸ್ಸಿನ ಬ್ಯಾಕ್‌ಲಾಗ್ ಇರುವವರಿಗೆ ಆ ಪಾಠ ಮಾಡುವ ತರಗತಿಯೇ ಇಲ್ಲ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಪೋರ್ಟಲಿಗೆ ಹೋಗಿವೆ, ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಪೋರ್ಟಲಿಗೆ. ಎರಡಕ್ಕೂ ಕೊನೆಯ ದಿನಾಂಕಗಳಿವೆ. ಎರಡೂ ಸರ್ವರ್ ಇರುವಾಗ, ನೆಟ್‌ವರ್ಕ್ ಸಿಕ್ಕಾಗ ಮಾತ್ರ ತೆರೆಯುತ್ತವೆ.

‘ಅದಕ್ಕೇನು, ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಎಲ್ಲ ಹಾಕುತ್ತೇವಲ್ಲ’ ಎಂಬ ಉತ್ತರ ಕಾಲೇಜಿನಿಂದ ಬರಬಹುದು. ಸಂದೇಶ ಕಳಿಸಿದರೆ ಸಾಕೇ ಎಂಬುದನ್ನು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲೊಸ್ ಮತ್ತು ಅವರ ಜತೆಗಾರರು ಐದು ವರ್ಷ, ಸುಮಾರು 25 ಸಾವಿರ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದರು. ಆನ್‌ಲೈನ್ ಅಭ್ಯಾಸ, ಗುರಿ ಬರೆಸುವುದು, ಮೊಬೈಲಿಗೆ ನೆನಪಿನ ಓಲೆ, ಯಾವುದರಿಂದಲೂ ಅಂಕ ಅಲುಗಲಿಲ್ಲ. ಅವರದೇ ಇನ್ನೊಂದು ಪ್ರಯೋಗದಲ್ಲಿ ಅಂಕ ಏರಿದ್ದು ಎದುರುಬದುರು ಕೂತು ವಿಚಾರಿಸುವ ಒಬ್ಬ ಮಾರ್ಗದರ್ಶಿ ಸಿಕ್ಕವರದ್ದು. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ ಎರಡು ವರ್ಷದ ಕಾಲೇಜುಗಳಲ್ಲಿ 2007ರಲ್ಲಿ ಶುರುವಾದ ‘ಅಸಾಪ್’ ಯೋಜನೆಯ ಫಲಿತಾಂಶ ಇನ್ನೂ ಗಟ್ಟಿ. ಅಲ್ಲಿ ಒಬ್ಬ ಸಲಹೆಗಾರನಿಗೆ 60ರಿಂದ 80 ವಿದ್ಯಾರ್ಥಿಗಳಿದ್ದರು. ತಿಂಗಳಿಗೆ ಎರಡು ಸಲ ಭೇಟಿ ಕಡ್ಡಾಯವಾಗಿತ್ತು. ಜೊತೆಗೆ ಪುಸ್ತಕ, ಬಸ್ಸು ರೈಲಿನ ಪಾಸು. ಚೀಟಿ ಎತ್ತಿದಂತೆ ಆರಿಸಿದ ಎರಡು ಗುಂಪುಗಳನ್ನು ಹೋಲಿಸಿದಾಗ ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಸಾಮಾನ್ಯ ಗುಂಪಿನಲ್ಲಿ ಶೇ 22, ಈ ಗುಂಪಿನಲ್ಲಿ ಶೇ 40. ಸಲಹೆಯೊಂದರಿಂದಲೇ ಇಷ್ಟಾಯಿತು ಎನ್ನಲಾಗದು, ಪಾಸು, ಪುಸ್ತಕಗಳ ಪಾಲೂ ಇದರಲ್ಲಿದೆ. ಆದರೆ ಆ ಪಾಲಿನ ಒಂದು ತುಂಡು ನಮ್ಮಲ್ಲಿ ಆಗಲೇ ಇದೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಹುಡುಗರಿಗೆ ರಿಯಾಯಿತಿ ಪಾಸು. ನಮ್ಮಲ್ಲಿ ಇಲ್ಲದ್ದು ಆ ಭೇಟಿ.

ಇನ್ನೊಂದು ಆಕ್ಷೇಪ ಕಹಿಯಾದದ್ದು. ಡಿಗ್ರಿ ಮಾಡಿದವರೇ ಗಾರ್ಮೆಂಟ್ಸಿಗೋ ಗಾರೆ ಕೆಲಸಕ್ಕೋ ಹೋಗುತ್ತಿರುವಾಗ ಅದಕ್ಕಿಷ್ಟು ಯೋಜನೆ ಏಕೆ? ಉದ್ಯೋಗದ ಬರ ಸುಳ್ಳಲ್ಲ, ಸಲಹೆಗಾರ ಕೆಲಸ ಹುಟ್ಟಿಸಲಾರ. ಆದರೆ ಈ ವಾದ ಡಿಗ್ರಿಗೆ ಸೇರದಿರಲು ಕಾರಣವಾದೀತೇ ಹೊರತು ಸೇರಿ ಅರ್ಧಕ್ಕೆ ಬಿಡಲು ಕಾರಣವಾಗದು. ಮೂರು ವರ್ಷ ಓದಿ ಒಂದು ಪೇಪರ್ ಉಳಿಸಿಕೊಂಡವರು ಸರ್ಕಾರದ ಲೆಕ್ಕದಲ್ಲಿ ಪಿಯುಸಿಯವರೇ. ಪದವೀಧರ ಹುದ್ದೆಗಳಿಗೆ ಅರ್ಜಿ ಹಾಕುವಂತಿಲ್ಲ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಯೂ ಅವರಿಗಿಲ್ಲ. ಖರ್ಚು ಪೂರ್ತಿ, ಗಿಟ್ಟಿದ್ದು ಸೊನ್ನೆ. ಬಡವರ ಮನೆಗೆ ಇದಕ್ಕಿಂತ ದುಬಾರಿ ವ್ಯವಹಾರ ಇನ್ನೊಂದಿಲ್ಲ.

ಉಪನ್ಯಾಸಕರಿಗೆ ಪುರಸೊತ್ತು ಎಲ್ಲಿ ಎಂಬ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನಿನ ಮೇಲೆ ನಡೆಯುತ್ತಿವೆ. ತಮ್ಮ ಕೆಲಸವೇ ಮುಂದಿನ ವರ್ಷ ಇರುತ್ತದೋ ಇಲ್ಲವೋ ತಿಳಿಯದವರಿಗೆ ವಿದ್ಯಾರ್ಥಿಯ ಮೂರು ವರ್ಷದ ಜವಾಬ್ದಾರಿ ಹೊರಿಸುವುದು ನ್ಯಾಯವೂ ಅಲ್ಲ. ಹಾಗೆಂದು ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್ (ಮಾರ್ಗದರ್ಶಿ) ಎಂದು ಕೇಳಿದ್ದುಂಟು, ಕಾಲೇಜುಗಳು ಅದಕ್ಕೆ ಪಟ್ಟಿ ಮಾಡಿ ಕೊಟ್ಟದ್ದೂ ಉಂಟು. ಆ ಪಟ್ಟಿ ಫೈಲಿನಿಂದ ಎದ್ದು ಬರಬೇಕು, ಅಷ್ಟೇ. ಮೆಂಟರ್ ಬದಲಾದರೂ ದಾಖಲೆ ವಿದ್ಯಾರ್ಥಿಯ ಕೈಯಲ್ಲೇ ಉಳಿಯಲಿ: ಒಂದೇ ಹಾಳೆ, ಅದರಲ್ಲಿ ಆರು ಸೆಮಿಸ್ಟರಿನ ಪೇಪರುಗಳು, ಪ್ರತಿ ತಿಂಗಳ ಹಾಜರಾತಿ, ಉಳಿದ ಬ್ಯಾಕ್‌ಲಾಗು ಮತ್ತು ಅದನ್ನು ಬರೆಯಬೇಕಾದ ತಿಂಗಳು, ಡಿಗ್ರಿ ಆದ ಮೇಲೆ ಏನು ಮಾಡುವ ಮನಸ್ಸಿದೆ, ಅದಕ್ಕೆ ಎಷ್ಟು ಅಂಕ ಬೇಕು. ಮನೆಮಾತು ತಮಿಳೋ ಸೋಲಿಗರ ನುಡಿಯೋ ಆಗಿದ್ದು, ಮೇಷ್ಟರ ಮುಂದೆ ಬಾಯಿ ಬಿಡಲು ಹಿಂಜರಿಯುವ ಮಕ್ಕಳಿಗೆ ಅದೇ ಬಸ್ಸಿನಲ್ಲಿ ಬರುವ ಅಂತಿಮ ವರ್ಷದ ಅಣ್ಣನೋ ಅಕ್ಕನೋ ಮೊದಲ ಮೆಂಟರ್ ಆಗಬಹುದು. ನಿಯಮ ಬದಲಾಗಿದ್ದರೆ ಮೇಷ್ಟರನ್ನು ಕೇಳಿ ತಿದ್ದಿಕೊಳ್ಳಲಿ. ಪರೀಕ್ಷಾ ಅರ್ಜಿ ಮತ್ತು ಎಸ್‌ಎಸ್‌ಪಿಯ ಕೊನೆಯ ದಿನಾಂಕಗಳನ್ನು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗೋಡೆಗೆ ಅಂಟಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಈ ವರ್ಷ ಮಗನನ್ನೋ ಮಗಳನ್ನೋ ಡಿಗ್ರಿಗೆ ಸೇರಿಸಿರುವ ಅಪ್ಪ ಅಮ್ಮಂದಿರು ಕಾಲೇಜಿಗೆ ಒಮ್ಮೆ ಹೋಗಿ ಒಂದೇ ಪ್ರಶ್ನೆ ಕೇಳಲಿ: ನಮ್ಮ ಮಗುವಿನ ಮೆಂಟರ್ ಯಾರು?