ಪೂಸಲಾರರ ದೇಗುಲ

ಕಣ್ಣು ಮುಚ್ಚಿ ಕುಳಿತೊಡನೆ ಮನಸ್ಸು ಚಿತ್ರ ಬಿಡಿಸಲು ತೊಡಗುತ್ತದೆ. ನಾಳೆಯ ಖರ್ಚು, ಬರಬಹುದಾದ ಕಾಯಿಲೆ, ಆಗದೆ ಉಳಿದ ಕೆಲಸ, ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ನಮ್ಮ ಕಳವಳದ ಬಹುಪಾಲು ಕಲ್ಪನೆಯದೇ ಸೃಷ್ಟಿ. ಅದೇ ಕಲ್ಪನೆ ನೆಮ್ಮದಿಗೆ ಸಾಧನವಾಗುವುದು ಹೇಗೆ? ಅರವತ್ತುಮೂವರು ಪುರಾತನರಲ್ಲಿ ಒಬ್ಬರಾದ ಪೂಸಲಾರರ ಚರಿತೆ ಇದಕ್ಕೆ ಉತ್ತರ ಹೇಳುತ್ತದೆ.

12ನೆಯ ಶತಮಾನದಲ್ಲಿ ಸೇಕ್ಕಿಳಾರರು ತಮಿಳಿನಲ್ಲಿ ರಚಿಸಿದ ‘ಪೆರಿಯ ಪುರಾಣ’ದಲ್ಲಿ ಈ ಚರಿತೆ ಬರುತ್ತದೆ. ಪೂಸಲಾರರು ತೊಂಡೈನಾಡಿನ ತಿರುನಿನ್ರವೂರಿನವರು. ಶಿವನಿಗೊಂದು ಗುಡಿ ಕಟ್ಟಿಸಬೇಕೆಂಬುದು ಅವರ ಹಂಬಲ. ಎಷ್ಟು ಅಲೆದರೂ ಹಣ ಕೂಡಿಬರಲಿಲ್ಲ. ಕಡೆಗೆ ಮನಸ್ಸಿನಲ್ಲಿಯೇ ಕಟ್ಟಲು ನಿಶ್ಚಯಿಸಿದರು. ದ್ರವ್ಯವನ್ನೂ ಶಿಲ್ಪಿಗಳನ್ನೂ ಭಾವನೆಯಲ್ಲೇ ಕೂಡಿಸಿದರು; ಆಗಮೋಕ್ತವಾಗಿ ಶುಭದಿನ ನೋಡಿ ಕೆಲಸ ತೊಡಗಿದರು; ಇರುಳೂ ನಿದ್ರಿಸದೆ ಶಿಖರವನ್ನೆತ್ತಿದರು. ಬಾವಿ, ಪ್ರಾಕಾರ, ಕೊಳ ಯಾವುದನ್ನೂ ಮರೆಯಲಿಲ್ಲ. ಪ್ರತಿಷ್ಠೆಗೆ ದಿನವೂ ಗೊತ್ತಾಯಿತು.

ಅದೇ ದಿನ ಕಂಚಿಯಲ್ಲಿ ಪಲ್ಲವ ಅರಸನು ಕಟ್ಟಿಸಿದ ಕಲ್ಲಿನ ದೇಗುಲದ ಪ್ರತಿಷ್ಠೆ. ಶಿವನು ಅರಸನ ಕನಸಿನಲ್ಲಿ ಕಾಣಿಸಿಕೊಂಡು, ನಾಳೆ ಪೂಸಲಾರನ ಗುಡಿಗೆ ಹೋಗಬೇಕಾಗಿದೆ, ನಿನ್ನದನ್ನು ಮುಂದೂಡು ಎಂದನಂತೆ. ಅರಸನು ಹುಡುಕಿಕೊಂಡು ಬಂದಾಗ ಊರಿನಲ್ಲಿ ಅಂಥ ಗುಡಿಯೇ ಇರಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪೂಸಲಾರರದು ಹಗಲುಗನಸಲ್ಲ. ಹಗಲುಗನಸಿನಲ್ಲಿ ಅಡಿಪಾಯವಿಲ್ಲದೆಯೇ ಕಳಸ ಏರುತ್ತದೆ. ಇವರಾದರೋ ಶಾಸ್ತ್ರ ಹೇಳಿದ ಕ್ರಮವನ್ನು ಒಂದಿಷ್ಟೂ ಮೀರಲಿಲ್ಲ. ಅಲೆಯುವ ಮನಸ್ಸಿಗೆ ಶಾಸ್ತ್ರ ದಾರಿ ತೋರಿತು; ಒಣ ವಿಧಿಗೆ ಕಲ್ಪನೆ ಜೀವ ತುಂಬಿತು. ಎರಡೂ ಕೂಡಿದಲ್ಲಿ ಮನಸ್ಸಿಗೆ ನಿಲ್ಲಲು ನೆಲೆ ದೊರೆಯಿತು.

ಕಂಚಿಯ ಆ ದೇಗುಲವನ್ನು ರಾಜಸಿಂಹನ ಕೈಲಾಸನಾಥ ಗುಡಿಯೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. 8ನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದಾಗ, ಅಲ್ಲಿಯ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಆ ಗುಡಿಯಲ್ಲಿರುವ ಕನ್ನಡ ಶಾಸನ ಸಾರುತ್ತದೆ. ಗೆದ್ದವನು ಉದಾರಿಯಾದ್ದರಿಂದ ಹೊನ್ನು ಉಳಿಯಿತು. ಪೂಸಲಾರರ ಗುಡಿಗೆ ಯಾರ ಔದಾರ್ಯವೂ ಬೇಕಿರಲಿಲ್ಲ.

ನಾವೂ ಗುಡಿಯನ್ನೇ ಕಟ್ಟಬೇಕೆಂದಿಲ್ಲ. ಓದಿ ಮೆಚ್ಚಿದ ಪುಣ್ಯಕಥೆಯ ಒಂದು ಸನ್ನಿವೇಶ ಸಾಕು. ಅದರ ನೆಲ, ನೀರು, ಬೆಳಕು, ಅಲ್ಲಿರುವವರ ಮುಖ ಇವನ್ನು ಅವಸರವಿಲ್ಲದೆ ಒಂದೊಂದಾಗಿ ಕಂಡುಕೊಳ್ಳಬೇಕು. ಮನಸ್ಸು ತಪ್ಪಿಸಿಕೊಂಡರೆ ಬಿಟ್ಟ ಕಲ್ಲಿನಿಂದಲೇ ಮತ್ತೆ ಕೆಲಸ ಹಿಡಿದರಾಯಿತು. ದಿನಕ್ಕೊಂದು ಕಲ್ಲು ಕೂತರೂ ಗೋಡೆ ಏಳುತ್ತದೆ.